ಬೆಕ್ಕಿನ ಜಗಳಕ್ಕೆ ಬೆತ್ತ ಮದ್ದಲ್ಲ



ನಮ್ಮ ಗಾದೆಗಳು ಬೆಕ್ಕಿನ ವಿಷಯದಲ್ಲಿ ಅಷ್ಟೇನೂ ಉದಾರವಾಗಿಲ್ಲ. ಗುಟ್ಟಾಗಿ ತಪ್ಪು ಮಾಡುವವನನ್ನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಹೋಲಿಸುತ್ತೇವೆ. ಇನ್ನೊಬ್ಬರ ಸಂಕಟದಲ್ಲಿ ಮೋಜು ಕಾಣುವವರನ್ನು ಕಂಡರೆ ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎನ್ನುತ್ತೇವೆ. ಬೆಣ್ಣೆಗಾಗಿ ಕಚ್ಚಾಡಿ ಕಡೆಗೆ ಕೋತಿಯ ಕೈಗೆ ತಕ್ಕಡಿ ಕೊಟ್ಟ ಎರಡು ಬೆಕ್ಕುಗಳ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ಹೀಗಾಗಿ ಮನೆಯಲ್ಲಿ ಸಾಕಿದ ಎರಡು ಬೆಕ್ಕುಗಳು ಜಗಳವಾಡಿದರೆ ಅದು ಅವುಗಳ ಹುಟ್ಟುಗುಣವೆಂದೂ, ನಾಲ್ಕು ಬಿಗಿದರೆ ಬುದ್ಧಿ ಬರುತ್ತದೆಂದೂ, ಅದಕ್ಕೂ ಬಗ್ಗದಿದ್ದರೆ ಒಂದನ್ನು ಹೊರಗಟ್ಟುವುದೇ ದಾರಿಯೆಂದೂ ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ಮೂರು ತೀರ್ಮಾನಗಳೂ ತಪ್ಪೆಂಬುದು ನನ್ನ ಅಭಿಪ್ರಾಯ.

ಈ ವಿಷಯವಾಗಿ ಬರೆಯಲು ಒಂದು ಕಾರಣವಿದೆ. ಕೆಂಗೇರಿ ಉಪನಗರದಲ್ಲಿ ವಾಸವಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳುಗಳ ಹಿಂದೆ ದೂರವಾಣಿ ಮಾಡಿದ್ದಳು. ಮನೆಯಲ್ಲಿ ಮೂರು ವರ್ಷದ ಹೆಣ್ಣು ಬೆಕ್ಕೊಂದಿತ್ತು. ಮಗನ ಹಟಕ್ಕೆ ಮಣಿದು ಇನ್ನೊಂದು ಗಂಡುಮರಿಯನ್ನು ತಂದಿದ್ದರು. ಅದು ಬೆಳೆದಂತೆಲ್ಲ ಮನೆ ರಣರಂಗವಾಯಿತು. ಹೆಣ್ಣು ಬೆಕ್ಕು ಬೀರುವಿನ ಮೇಲೇರಿ ಕುಳಿತರೆ ಇಳಿಯದು; ಇಳಿದರೆ ಹಾಸಿಗೆಯ ಮೇಲೆ ಮೂತ್ರ. “ಸಾರ್, ನಮ್ಮತ್ತೆ ಒಂದನ್ನ ಮಾರ್ಕೆಟ್ಟಲ್ಲಿ ಬಿಟ್ಟು ಬನ್ನಿ ಅಂತಾರೆ. ಯಾವುದನ್ನ ಬಿಡೋದು ಸಾರ್?” ಎಂದು ಕೇಳಿದಳು. ಪ್ರಶ್ನೆ ಬೆಕ್ಕಿನದಾದರೂ ಅವಳ ದನಿಯಲ್ಲಿ ಅಳುವಿತ್ತು. ಈ ಬಗೆಯ ಪ್ರಶ್ನೆ ಅವಳೊಬ್ಬಳದಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿರುವ ನಿಮ್ಮಲ್ಲಿ ಹಲವರು ಬೇರೆ ಬೇರೆ ಮಾತುಗಳಲ್ಲಿ ಇದನ್ನೇ ಕೇಳಿದ್ದೀರಿ. ಆದ್ದರಿಂದ ಎಲ್ಲರಿಗೂ ಒಟ್ಟಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳೋಣ. ನಮ್ಮ ಬಾಲ್ಯದಲ್ಲಿಯೂ ಮನೆಗಳಲ್ಲಿ ಬೆಕ್ಕುಗಳಿದ್ದವು, ಒಂದಲ್ಲ, ಎರಡು ಮೂರು ಇದ್ದವು. ಆಗ ಯಾರೂ ಅವುಗಳ ಜಗಳವನ್ನು ಒಂದು ಸಮಸ್ಯೆಯೆಂದು ಭಾವಿಸಿರಲಿಲ್ಲ. ಈಗೇಕೆ ಹೀಗೆ? ಬೆಕ್ಕು ಬದಲಾಗಿಲ್ಲ, ಮನೆ ಬದಲಾಗಿದೆ. ಅಂದಿನ ಮನೆಗೆ ಮುಂದೆ ಅಂಗಳ, ಹಿಂದೆ ಹಿತ್ತಿಲು, ಹಿತ್ತಿಲಿನಲ್ಲಿ ಸೌದೆಯ ರಾಶಿ, ಬಚ್ಚಲಿನ ಹಂಡೆಯ ಒಲೆ, ಮೇಲೆ ಅಟ್ಟ, ಪಕ್ಕದ ಮನೆಗೆ ದಾಟಲು ಕಾಂಪೌಂಡಿನ ಗೋಡೆ ಎಲ್ಲವೂ ಇದ್ದವು. ಎರಡು ಬೆಕ್ಕುಗಳಿಗೆ ಪರಸ್ಪರ ಮುಖ ನೋಡಲು ಇಷ್ಟವಿಲ್ಲದಿದ್ದರೆ ಒಂದು ಅಟ್ಟವನ್ನೂ ಇನ್ನೊಂದು ಹಿತ್ತಿಲನ್ನೂ ಹಂಚಿಕೊಳ್ಳುತ್ತಿದ್ದವು. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದರೆ ಇನ್ನೊಂದು ಸಂಜೆ ಬರುತ್ತಿತ್ತು. ಗಡವ ಬೆಕ್ಕುಗಳ ಕಾಳಗ ರಾತ್ರಿ ಹೆಂಚಿನ ಮೇಲೆ ನಡೆದು, ಸೋತದ್ದು ನಾಲ್ಕು ಮನೆಯಾಚೆಗೆ ಓಡಿಹೋಗುತ್ತಿತ್ತು.

ಇಂದು 20×30 ನಿವೇಶನದಲ್ಲಿ ಮೂರು ಮಹಡಿ, ಮಹಡಿಗೊಂದು ಎರಡು ಸಂಸಾರ. 2021ರಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದಿದೆ. ಒಂದು ಕಾಲಕ್ಕೆ ಊರ ಹೊರಗಿದ್ದ ಆ ಕಡೆಯೂ ಈಗ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ರಸ್ತೆಯ ವಾಹನಗಳ, ಬೀದಿನಾಯಿಗಳ ಭಯಕ್ಕೆ ಬೆಕ್ಕನ್ನು ಬಾಗಿಲು ದಾಟಲು ಬಿಡುವುದಿಲ್ಲ. ಅದು ಸರಿಯಾದ ಎಚ್ಚರಿಕೆಯೇ. ಆದರೆ ಎರಡು ಬೆಕ್ಕುಗಳನ್ನು ಎರಡು ಕೋಣೆಯ ಮನೆಯಲ್ಲಿಟ್ಟು, ಒಂದೇ ತಟ್ಟೆ, ಒಂದೇ ಮರಳಿನ ತೊಟ್ಟಿ, ಒಂದೇ ಕಿಟಕಿ ಕೊಟ್ಟು, ‘ಅಣ್ಣತಮ್ಮಂದಿರಂತೆ ಇರಿ’ ಎಂದರೆ ಹೇಗೆ? ಒಂದು ಬೆಂಚಿನಲ್ಲಿ ಆರು ಹುಡುಗರನ್ನು ತುರುಕಿ ಗಲಾಟೆ ಮಾಡಬೇಡಿ ಎಂದು ಗದರುವ ಉಪಾಧ್ಯಾಯನ ನ್ಯಾಯವಿದು.

ಬೆಕ್ಕಿನ ಮೂಲಸ್ವಭಾವವನ್ನು ಸ್ವಲ್ಪ ತಿಳಿದರೆ ಅದರ ಜಗಳವೂ ತಿಳಿಯುತ್ತದೆ. ನಾಯಿಯ ಪೂರ್ವಜ ತೋಳ. ಅದು ಹಿಂಡಿನ ಪ್ರಾಣಿ. ಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ಉಣ್ಣುವ ಜೀವಿ. 2007ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಸಂಶೋಧನೆಯೊಂದು ಜಗತ್ತಿನ ಸಾಕುಬೆಕ್ಕುಗಳೆಲ್ಲ ಆ ವಂಶದವೇ ಎಂದು ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿ ಹೂಳಿದ್ದ ಬೆಕ್ಕಿನ ಅಸ್ಥಿಯ ವಿಷಯ 2004ರಲ್ಲಿ ಬೆಳಕಿಗೆ ಬಂತು. ಅಂದರೆ ನಮ್ಮ ಸಹವಾಸ ಬಹಳ ಹಳೆಯದು. ಆದರೂ ಇಷ್ಟು ಕಾಲದಲ್ಲಿ ಬೆಕ್ಕು ಮನುಷ್ಯನ ಜೊತೆ ಬಾಳಲು ಕಲಿತಷ್ಟು ಅಪರಿಚಿತ ಬೆಕ್ಕಿನ ಜೊತೆ ಬಾಳಲು ಕಲಿತಿಲ್ಲ. ಒಡಹುಟ್ಟಿದ ಮರಿಗಳೂ ತಾಯಿಮಗಳೂ ಒಂದನ್ನೊಂದು ನೆಕ್ಕಿಕೊಂಡು ಒಟ್ಟಿಗೆ ಮಲಗುವುದುಂಟು. ಹೊರಗಿನಿಂದ ತಂದ ಬೆಕ್ಕು ಮಾತ್ರ ಮೊದಲ ಬೆಕ್ಕಿನ ಕಣ್ಣಿಗೆ ತಂಗಿಯೂ ಅಲ್ಲ, ಗೆಳತಿಯೂ ಅಲ್ಲ. ಅನ್ನಕ್ಕೂ ಜಾಗಕ್ಕೂ ಬಂದ ಪಾಲುಗಾರಳು.

ಇನ್ನೊಂದು ಮಾತು. ಬೆಕ್ಕಿನ ಲೋಕ ವಾಸನೆಯ ಲೋಕ. ಅದು ನಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಕುರ್ಚಿಗೆ ಕೆನ್ನೆ ತಿಕ್ಕುವುದು ಮುದ್ದಿಗಾಗಿ ಮಾತ್ರವಲ್ಲ. ‘ಇದು ನನ್ನದು’ ಎಂದು ತನ್ನ ವಾಸನೆಯ ಮುದ್ರೆ ಒತ್ತುವುದಕ್ಕಾಗಿ. ಜೊತೆಯಲ್ಲಿ ವರ್ಷಗಟ್ಟಲೆ ಬಾಳಿದ ಬೆಕ್ಕುಗಳೂ, ಒಂದು ಪಶುವೈದ್ಯರ ಬಳಿ ಹೋಗಿ ಆಸ್ಪತ್ರೆಯ ವಾಸನೆ ಹೊತ್ತು ಬಂದರೆ, ಇನ್ನೊಂದು ಗುರುತಿಸದೆ ಮೇಲೆ ಬೀಳುವುದುಂಟು. ಹಾಗೆಯೇ ಕಿಟಕಿಯಾಚೆ ಕಾಂಪೌಂಡಿನ ಮೇಲೆ ಬೀದಿಯ ಗಡವವನ್ನು ಕಂಡ ಬೆಕ್ಕು ಅದನ್ನು ಮುಟ್ಟಲಾರದೆ, ಆ ಕೋಪವನ್ನು ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ಜೊತೆಗಾರನ ಮೇಲೆ ತೀರಿಸಿಕೊಳ್ಳುವುದುಂಟು. ದೀಪಾವಳಿಯ ಪಟಾಕಿಯ ಸದ್ದಿಗೆ ಬೆದರಿದಾಗಲೂ ಹೀಗಾಗಬಹುದು. ನೋಡುವವರಿಗೆ ‘ಕಾರಣವೇ ಇಲ್ಲದೆ ಕಚ್ಚಿತು’ ಎನಿಸುತ್ತದೆ. ಕಾರಣವಿರುತ್ತದೆ, ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ.

ಇನ್ನು ದಂಡನೆಯ ವಿಚಾರ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿಗಳ ಕಾಟಕ್ಕೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ರಾಮಕೃಷ್ಣನ ಹೊಟ್ಟೆ ಸೇರಿತು. ತರಗತಿಯಲ್ಲಿ ಈ ಕಥೆಗೆ ಮಕ್ಕಳು ನಗುತ್ತಾರೆ. ಆದರೆ ಕಥೆಯನ್ನು ಬೆಕ್ಕಿನ ಕಡೆಯಿಂದ ನೋಡಿ. ಅದು ಕಲಿತದ್ದೇನು? ‘ಬಿಸಿ ಹಾಲನ್ನು ಆರಿಸಿ ಕುಡಿಯಬೇಕು’ ಎಂದಲ್ಲ. ‘ಹಾಲು ಎಂದರೆ ಅಪಾಯ’ ಎಂದು. ನೋವು ಕೊಟ್ಟರೆ ಬೆಕ್ಕು ಪಾಠವನ್ನು ಕಲಿಯುವುದಿಲ್ಲ, ಎದುರಿಗಿದ್ದ ವಸ್ತುವಿಗೆ ಹೆದರಲು ಕಲಿಯುತ್ತದೆ. ಆ ವಿಜಯನಗರದ ಬೆಕ್ಕಿಗೆ ನಿಜವಾದದ್ದು ಈ ವಿಜಯನಗರದ ಬೆಕ್ಕಿಗೂ ನಿಜ. ಜಗಳವಾಡುವಾಗ ಪೊರಕೆಯಿಂದ ಹೊಡೆದರೆ ಬೆಕ್ಕಿನ ಎದುರಿಗಿರುವುದು ಯಾವುದು? ಇನ್ನೊಂದು ಬೆಕ್ಕು, ಮತ್ತು ನಾವು. ‘ಇದು ಬಂದಾಗಲೆಲ್ಲ ನನಗೆ ಪೆಟ್ಟು ಬೀಳುತ್ತದೆ’ ಎಂದು ಅದು ಗಂಟು ಹಾಕಿಕೊಳ್ಳುತ್ತದೆ. ಮರುದಿನದ ಜಗಳ ಹಿಂದಿನ ದಿನದ್ದಕ್ಕಿಂತ ಘೋರವಾಗುತ್ತದೆ.

ಬಿ.ಎಡ್. ಓದಿದವರೆಲ್ಲರಿಗೂ ಇನ್ನೊಂದು ಬೆಕ್ಕಿನ ಪರಿಚಯವಿರುತ್ತದೆ. ಅದು ಥಾರ್ನ್‌ಡೈಕನ ಬೆಕ್ಕು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯೊಳಗಿಟ್ಟು, ಹೊರಗೆ ಆಹಾರವಿಟ್ಟು, ಬಾಗಿಲು ತೆರೆಯಲು ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಲೆಕ್ಕವಿಟ್ಟ. 1898ರಲ್ಲಿ ಅದನ್ನು ಪ್ರಕಟಿಸಿದ. ಪ್ರಯತ್ನ–ದೋಷ ಕಲಿಕೆ, ಪರಿಣಾಮ ನಿಯಮ ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಅದನ್ನೇ. ಸುಖ ಕೊಟ್ಟ ವರ್ತನೆ ಬೇರೂರುತ್ತದೆ, ಅಸುಖ ಕೊಟ್ಟದ್ದು ಸಡಿಲವಾಗುತ್ತದೆ ಎಂಬುದು ಅವನ ಮೊದಲ ಅಭಿಪ್ರಾಯವಾಗಿತ್ತು. ಆದರೆ 1930ರ ಆಸುಪಾಸಿನಲ್ಲಿ ಮನುಷ್ಯರ ಮೇಲೆ ಮತ್ತಷ್ಟು ಪ್ರಯೋಗಗಳನ್ನು ನಡೆಸಿದ ಮೇಲೆ ಅವನು ಆ ನಿಯಮದ ಅರ್ಧವನ್ನು ತಿದ್ದಿಕೊಂಡ. ‘ಸರಿ’ ಎಂಬ ಮಾತು ಸರಿಯಾದ ಉತ್ತರವನ್ನು ಗಟ್ಟಿಗೊಳಿಸುವಷ್ಟು ‘ತಪ್ಪು’ ಎಂಬ ಮಾತು ತಪ್ಪು ಉತ್ತರವನ್ನು ಅಳಿಸುವುದಿಲ್ಲವೆಂದು ಕಂಡುಕೊಂಡ. ಪುರಸ್ಕಾರವೂ ಶಿಕ್ಷೆಯೂ ಒಂದೇ ತಕ್ಕಡಿಯ ಎರಡು ಸಮಾನ ತಟ್ಟೆಗಳಲ್ಲ.

ನಮ್ಮ ಶಾಲೆಗಳು ಈ ಮಾತನ್ನು ಒಪ್ಪಲು ಬಹಳ ಕಾಲ ಬೇಕಾಯಿತು. ಬೆತ್ತವಿಲ್ಲದೆ ವಿದ್ಯೆಯಿಲ್ಲ ಎಂಬ ನಂಬಿಕೆ ತಲೆಮಾರುಗಳದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಮಾತು ಬಲ್ಲ, ಕಾರಣ ಹೇಳಿದರೆ ತಿಳಿಯಬಲ್ಲ ಮಕ್ಕಳಿಗೇ ಬೆತ್ತದಿಂದ ಪ್ರಯೋಜನವಿಲ್ಲವೆಂದ ಮೇಲೆ, ತಾನು ಮಾಡಿದ್ದಕ್ಕೂ ತನಗೆ ಬಿದ್ದ ಪೆಟ್ಟಿಗೂ ಇರುವ ಸಂಬಂಧವನ್ನೇ ಅರಿಯದ ಪ್ರಾಣಿಗೆ ಬೆತ್ತವೆತ್ತುವುದರಲ್ಲಿ ಏನು ಅರ್ಥವಿದೆ? ಬೆಳಿಗ್ಗೆ ಹಾಸಿಗೆ ಕೆಡಿಸಿದ ಬೆಕ್ಕನ್ನು ಸಂಜೆ ಹಿಡಿದು ಮೂಗನ್ನು ಅದೇ ಜಾಗಕ್ಕೆ ಉಜ್ಜುವವರಿದ್ದಾರೆ. ಆ ಬೆಕ್ಕಿಗೆ ತಿಳಿಯುವುದು ಒಂದೇ: ಈ ಮನುಷ್ಯರು ಯಾವಾಗ ಬೇಕಾದರೂ ಮೈಮೇಲೆ ಬೀಳುವವರು.

ನಮ್ಮ ಹಿರಿಯರು ರಾಜನೀತಿಗೆ ಹೇಳಿದ ನಾಲ್ಕು ಉಪಾಯಗಳನ್ನು ಇಲ್ಲಿ ನೆನೆಯಬಹುದು: ಸಾಮ, ದಾನ, ಭೇದ, ದಂಡ. ಬೆಕ್ಕಿನ ಮನೆಯಲ್ಲಿ ದಂಡವನ್ನು ಪಟ್ಟಿಯಿಂದಲೇ ತೆಗೆದುಹಾಕಿ, ಉಳಿದ ಮೂರನ್ನು ಹಿಂದುಮುಂದು ಮಾಡಿ ಬಳಸಬೇಕು. ಮೊದಲು ಭೇದ, ಆಮೇಲೆ ದಾನ, ಕೊನೆಗೆ ಸಾಮ. ಕೆಂಗೇರಿಯ ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇದೇ ಕ್ರಮವನ್ನು.

ಭೇದವೆಂದರೆ ಇಲ್ಲಿ ಬೇರ್ಪಡಿಸುವುದು. ಅದಕ್ಕೂ ಮೊದಲು, ನಡೆಯುತ್ತಿರುವುದು ಜಗಳವೋ ಆಟವೋ ಎಂದು ನೋಡಬೇಕು. ಆಟದಲ್ಲಿ ಸದ್ದು ಕಡಿಮೆ, ಉಗುರು ಒಳಗೆ, ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ಜಗಳದಲ್ಲಿ ಕಿವಿ ಹಿಂದಕ್ಕೆ ಅಂಟಿರುತ್ತದೆ, ಗುರುಗುಟ್ಟುವುದು, ಬುಸುಗುಟ್ಟುವುದು, ಕೂದಲು ಹಾರುವುದು, ಪ್ರತಿ ಸಲವೂ ಓಡುವುದು ಒಂದೇ ಬೆಕ್ಕು. ಸದ್ದಿಲ್ಲದ ಜಗಳವೂ ಉಂಟು: ಒಂದು ಬಾಗಿಲ ಬಳಿ ಕುಳಿತು ದಿಟ್ಟಿಸಿದರೆ ಸಾಕು, ಇನ್ನೊಂದು ಅನ್ನದ ತಟ್ಟೆಯ ಕಡೆಗಾಗಲಿ ಮರಳಿನ ಕಡೆಗಾಗಲಿ ಹೋಗುವುದಿಲ್ಲ. ಹಾಸಿಗೆ ಒದ್ದೆಯಾಗುವುದರ ಗುಟ್ಟು ಎಷ್ಟೋ ಸಲ ಇಲ್ಲಿಯೇ ಇರುತ್ತದೆ. ಜಗಳ ಹತ್ತಿದಾಗ ನಡುವೆ ಕೈ ಹಾಕಬೇಡಿ. ಒಂದು ದಿಂಬನ್ನೋ ರಟ್ಟನ್ನೋ ಮನೆಯಲ್ಲಿದ್ದರೆ ಮೊರವನ್ನೋ ನಡುವೆ ಇಳಿಸಿ ಒಂದರ ಕಣ್ಣಿಗೆ ಇನ್ನೊಂದು ಕಾಣದಂತೆ ಮಾಡಿ, ಬೇರೆ ಬೇರೆ ಕೋಣೆಗೆ ಕಳಿಸಿ ಬಾಗಿಲು ಮುಚ್ಚಿ. ಕೆಲವೊಮ್ಮೆ ಅವು ಶಾಂತವಾಗಲು ಒಂದು ಗಂಟೆ ಸಾಕು. ಕೆಲವೊಮ್ಮೆ ಒಂದೆರಡು ದಿನಗಳೇ ಬೇಕು. ಕತ್ತಿನ ಹಿಂಭಾಗದ ಚರ್ಮ ಹಿಡಿದು ಎತ್ತುವುದು ತಾಯಿಬೆಕ್ಕು ತನ್ನ ಎಳೆಮರಿಗೆ ಮಾಡುವ ಕೆಲಸ. ಬೆಳೆದ ಬೆಕ್ಕಿಗೆ ಅದು ಹಿಂಸೆ.

ಎಚ್ಚರ: ಬೆಕ್ಕು ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವುದೆಂಬುದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಅರಿಸಿನ ಮೆತ್ತಿ ಸುಮ್ಮನಿರುವ ವಿಷಯವಲ್ಲ ಇದು. ಮನೆಯ ಬೆಕ್ಕಿಗೂ ವರ್ಷವರ್ಷ ಲಸಿಕೆ ಹಾಕಿಸಿ.

ದಾನವೆಂದರೆ ಹಂಚುವುದು, ಧಾರಾಳವಾಗಿ ಹಂಚುವುದು. ಎರಡು ಬೆಕ್ಕಿಗೆ ಎರಡು ತಟ್ಟೆ, ಎರಡು ಕಡೆ. ನೀರಿನ ಬಟ್ಟಲು ಬೇರೆ ಕಡೆ. ಮರಳಿನ ತೊಟ್ಟಿಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಎರಡು ಬೆಕ್ಕಿಗೆ ಮೂರು. ಮೂರನ್ನೂ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಜಾಗವಿಲ್ಲವೆನ್ನುತ್ತೀರಿ. ನೆಲದ ಮೇಲೆ ಇಲ್ಲದಿರಬಹುದು, ಗೋಡೆಯ ಮೇಲಿದೆ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಹಳೆಯ ಪಾತ್ರೆ, ಸೂಟ್‌ಕೇಸುಗಳನ್ನು ತುರುಕುವ ಸಜ್ಜೆಯಲ್ಲಿ ಒಂದು ಮೂಲೆಯನ್ನು ತೆರವುಗೊಳಿಸಿ, ಹತ್ತಲು ಒಂದು ಸ್ಟೂಲನ್ನೋ ಹಲಗೆಯನ್ನೋ ಇಡಿ. ಬೆಕ್ಕಿಗೆ ಎತ್ತರವೇ ಆಶ್ರಯ. ಸಜ್ಜೆಗೆ ಹತ್ತಲು ಒಂದು ದಾರಿ, ಇಳಿಯಲು ಇನ್ನೊಂದು ದಾರಿಯಿದ್ದರೆ ಮತ್ತೂ ಒಳ್ಳೆಯದು. ದಾರಿ ಕಟ್ಟಿ ಹೆದರಿಸುವ ಅವಕಾಶ ತಪ್ಪುತ್ತದೆ.

ಆಹಾರದ ವಿಷಯದಲ್ಲಿ ಒಂದು ಮಾತನ್ನು ನಮ್ಮ ಸಸ್ಯಾಹಾರಿ ಮನೆಗಳವರು ಬೇಸರಿಸದೆ ಕೇಳಬೇಕು. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಟಾರೀನ್ ಎಂಬ ಅಂಶ ಅದಕ್ಕೆ ಮಾಂಸದಿಂದಲೇ ದೊರೆಯಬೇಕು; ಅದರ ಕೊರತೆಯಿಂದ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹಿಂದಿನ ಬೆಕ್ಕು ನಮ್ಮ ಮನೆಯ ಮೊಸರನ್ನ ಉಂಡು ಹಿತ್ತಿಲಿನ ಇಲಿಯಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ಮಹಡಿಯ ಮನೆಯ ಬೆಕ್ಕಿಗೆ ಇಲಿಯಿಲ್ಲ. ಮನೆಯಲ್ಲಿ ಮಾಂಸ ಬೇಯಿಸಲು ಮನಸ್ಸಾಗದವರು ಬೆಕ್ಕಿಗೆಂದೇ ತಯಾರಿಸಿದ ಆಹಾರವನ್ನು ಅಂಗಡಿಯಿಂದ ತಂದು ಕೊಡಬಹುದು. ಅದೂ ಆಗದೆಂದರೆ ಬೆಕ್ಕನ್ನು ಸಾಕದಿರುವುದೇ ಧರ್ಮ.

ಸಾಮವೆಂದರೆ ಪರಿಚಯಿಸುವುದು. ಕೆಲವು ದಿನ ಬೇರೆ ಕೋಣೆಗಳಲ್ಲಿಟ್ಟು, ಒಂದು ಮಲಗಿದ ಬಟ್ಟೆಯನ್ನು ಇನ್ನೊಂದರ ಕೋಣೆಯಲ್ಲಿ ಹಾಕಿ. ವಾಸನೆಯ ಪರಿಚಯವಾಗಲಿ. ಆಮೇಲೆ ಮುಚ್ಚಿದ ಬಾಗಿಲಿನ ಆಚೀಚೆ ಇಬ್ಬರಿಗೂ ಊಟ. ದಿನದಿನಕ್ಕೆ ತಟ್ಟೆಗಳು ಬಾಗಿಲಿಗೆ ಹತ್ತಿರವಾಗಲಿ. ಗುರುಗುಟ್ಟದೆ ಉಣ್ಣುವ ಹಂತ ಬಂದ ಮೇಲೆ ಸೊಳ್ಳೆಯ ಜಾಲರಿಯ ಬಾಗಿಲಿನ ಮೂಲಕ ಮುಖ ನೋಡಲಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷದ ಭೇಟಿ. ಒಳ್ಳೆಯ ರುಚಿ ಸಿಗುವುದು ಇನ್ನೊಂದು ಎದುರಿಗಿದ್ದಾಗಲೇ ಆಗಿರಲಿ. ಥಾರ್ನ್‌ಡೈಕನ ನಿಯಮದ ಉಳಿದ ಅರ್ಧ ಇಲ್ಲಿ ಕೆಲಸ ಮಾಡುತ್ತದೆ. ಮುಂಜಾನೆ, ಮುಸ್ಸಂಜೆ ಬೆಕ್ಕಿನ ಬೇಟೆಯ ಹೊತ್ತು. ಆಗ ದಾರಕ್ಕೆ ಕಟ್ಟಿದ ಗರಿಯನ್ನೋ ಬಟ್ಟೆಯ ಚೂರನ್ನೋ ಎಳೆದು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹತ್ತು ನಿಮಿಷ ಆಡಿಸಿ, ಆಟ ಮುಗಿದ ಮೇಲೆ ದಾರವನ್ನು ಎತ್ತಿಟ್ಟು, ಕೂಡಲೇ ಊಟ ಹಾಕಿದರೆ ಅವುಗಳ ಬಿಸಿ ಅರ್ಧ ಇಳಿಯುತ್ತದೆ. ಈ ಕ್ರಮಕ್ಕೆ ಕೆಲವು ದಿನ ಸಾಕಾಗಬಹುದು, ಕೆಲವು ವಾರಗಳೇ ಹಿಡಿಯಬಹುದು. ಅವಸರಿಸಿದರೆ ಮೊದಲಿನಿಂದ ಶುರು.

ಇದಕ್ಕೆಲ್ಲ ಮುಂಚೆ ಮಾಡಬೇಕಾದ ಕೆಲಸ ಸಂತಾನಹರಣ ಶಸ್ತ್ರಚಿಕಿತ್ಸೆ. ಗಂಡು ಬೆಕ್ಕು ಗೋಡೆಗೆ ಬೆನ್ನು ಹಾಕಿ ಬಾಲವೆತ್ತಿ ಮೂತ್ರ ಸಿಂಪಡಿಸುವುದು, ಅಲೆಯುವುದು, ಕಾದಾಡುವುದು ಬಹುಪಾಲು ಇದರಿಂದ ತಗ್ಗುತ್ತದೆ. ಹೆಣ್ಣು ಬೆಕ್ಕು ಹುಟ್ಟಿದ ಐದಾರು ತಿಂಗಳಲ್ಲೇ ಗರ್ಭ ಧರಿಸಬಲ್ಲದು, ಸುಮಾರು 65 ದಿನಗಳಲ್ಲಿ ಮರಿ ಹಾಕಬಲ್ಲದು. ವರ್ಷಕ್ಕೆ ಎರಡು ಮೂರು ಸೂಲು. ‘ಒಂದು ಸಲ ತಾಯಿಯಾಗಲಿ’ ಎಂಬ ಕರುಣೆಯ ಫಲ ಬೀದಿಯಲ್ಲಿ ಸಾಯುವ ಮರಿಗಳು. ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ನಮ್ಮ ಬಡಾವಣೆಗಳಲ್ಲಿಯೂ ಈಗ ಪಶುವೈದ್ಯರಿಗೆ ಕೊರತೆಯಿಲ್ಲ.

ಜಗಳವಲ್ಲದ ಇತರ ದೂರುಗಳಿಗೂ ಸೂತ್ರ ಅದೇ. ಹಳೆಯ ಅಡುಗೆಮನೆಗಳಲ್ಲಿ ತೊಲೆಯಿಂದ ಇಳಿಬಿಟ್ಟ ನೆಲುವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಅದರಲ್ಲಿ ಭದ್ರ. ನಮ್ಮ ಅಜ್ಜಿಯಂದಿರು ಬೆಕ್ಕಿಗೆ ‘ಬೆಣ್ಣೆ ಮುಟ್ಟಬೇಡ’ ಎಂದು ಪಾಠ ಹೇಳಲಿಲ್ಲ; ನೆಲುವು ಕಟ್ಟಿದರು. ಬೆಕ್ಕಿನ ಸ್ವಭಾವವನ್ನು ಒಪ್ಪಿಕೊಂಡು ಮನೆಯ ವ್ಯವಸ್ಥೆಯನ್ನು ತಿದ್ದಿದರು. ಇಂದು ನೆಲುವಿಲ್ಲ, ಮುಚ್ಚಳವಿದೆ, ಫ್ರಿಜ್ಜಿದೆ. ಸೋಫಾ ಪರಚುವ ಬೆಕ್ಕಿನ ಉಗುರು ಕೀಳಿಸುವ ಯೋಚನೆ ಬೇಡ, ಅದು ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುವ ಕ್ರೌರ್ಯ. ಸೋಫಾದ ಪಕ್ಕದಲ್ಲಿಯೇ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದ ಮರದ ತುಂಡನ್ನೋ ಗೋಣಿಚೀಲ ಹೊದಿಸಿದ ಹಲಗೆಯನ್ನೋ ಅಲುಗಾಡದಂತೆ ನಿಲ್ಲಿಸಿ. ಪರಚುವುದು ಅದಕ್ಕೆ ಮೈಮುರಿಯುವಷ್ಟೇ ಸಹಜ.

ಕಂಡಲ್ಲಿ ಮೂತ್ರ ಮಾಡುವ ಬೆಕ್ಕಿನ ವಿಷಯದಲ್ಲಿ ಮೊದಲ ಅನುಮಾನ ಕಾಯಿಲೆಯದಾಗಿರಲಿ. ಗಂಡು ಬೆಕ್ಕು ಪದೇ ಪದೇ ಮರಳಿನಲ್ಲಿ ಕುಳಿತು ಮುಕ್ಕರಿಸಿದರೂ ಮೂತ್ರ ಬರುತ್ತಿಲ್ಲವೆಂದರೆ ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ನಾಳೆ ನೋಡೋಣ ಎನ್ನುವಂತಿಲ್ಲ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಅಂಥ ಬೆಕ್ಕಿಗೆ ‘ಗಲೀಜು ಮಾಡಿತು’ ಎಂದು ಪೆಟ್ಟು ಕೊಟ್ಟ ಮನೆಗಳೂ ಇವೆ. ಹಾಳಾದ ಜಾಗವನ್ನು ಫಿನಾಯಿಲಿನಿಂದ ಒರೆಸಬೇಡಿ. ಫಿನಾಯಿಲು ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅಪಾಯ. ಬೆಕ್ಕು ಬಾರದಿರಲೆಂದು ಮೂಲೆಯಲ್ಲಿಡುವ ನ್ಯಾಫ್ತಲೀನ್ ಗುಳಿಗೆ, ಎರಚುವ ಖಾರದ ಪುಡಿ ಇವೂ ಅಷ್ಟೇ. ಸಾಬೂನು ನೀರಿನಿಂದ ತೊಳೆದು ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ. ಮಂಕಾಗಿದೆಯೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇದನ್ನೆಲ್ಲ ಓದಿದ ಕೆಲವರು ‘ಬೆಕ್ಕಿಗೆ ಇಷ್ಟೊಂದು ಉಪಚಾರವೇ? ಕಚ್ಚಾಡಿ ತಾವೇ ಸರಿಹೋಗುತ್ತವೆ ಬಿಡಿ’ ಎನ್ನುವರು. ಹಿತ್ತಿಲಿದ್ದ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು, ಏಕೆಂದರೆ ಸೋತ ಬೆಕ್ಕಿಗೆ ಓಡಿಹೋಗಲು ದಾರಿಯಿತ್ತು. ಮುಚ್ಚಿದ ಮನೆಯಲ್ಲಿ ಸೋತದ್ದು ದಿನದ ಇಪ್ಪತ್ನಾಲ್ಕು ಗಂಟೆಯೂ ಗೆದ್ದದ್ದರ ಎದುರಿಗೇ ಬಾಳಬೇಕು. ಅದು ಉಣ್ಣುವುದನ್ನು ಬಿಡುತ್ತದೆ, ಕಾಯಿಲೆ ಬೀಳುತ್ತದೆ. ಇನ್ನು ಕೆಲವರು ಖರ್ಚಿನ ಮಾತೆತ್ತುವರು. ಶಸ್ತ್ರಚಿಕಿತ್ಸೆಗೂ ಲಸಿಕೆಗೂ ಹಣ ಬೇಕು ನಿಜ. ಆದರೆ ಉಳಿದದ್ದೆಲ್ಲ ಹಳೆಯ ಗೋಣಿಚೀಲ, ನಾರಿನ ಹಗ್ಗ, ಎರಡು ಪ್ಲಾಸ್ಟಿಕ್ ತೊಟ್ಟಿ, ಸಜ್ಜೆಯ ಮೂಲೆ. ಹೆಚ್ಚು ಬೇಕಾದದ್ದು ತಾಳ್ಮೆ. ಅದನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಎಲ್ಲ ಮಾಡಿದ ಮೇಲೂ ಕೆಲವು ಜೋಡಿಗಳು ಒಂದೇ ಸೂರಿನಡಿ ಬಾಳಲಾರವು ಎಂಬುದನ್ನೂ ಹೇಳಬೇಕು. ಆಗ ಒಂದಕ್ಕೆ ಬೇರೆ ಒಳ್ಳೆಯ ಮನೆ ಹುಡುಕುವುದು ಸೋಲಲ್ಲ. ನೆಂಟರಲ್ಲಿ, ಸ್ನೇಹಿತರಲ್ಲಿ ಕೇಳಿ. ಬೇರೆ ಬೆಕ್ಕಿಲ್ಲದ ಮನೆಯಾದರೆ ಉತ್ತಮ. ಆದರೆ ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯಲ್ಲೋ ಕೆರೆಯ ಏರಿಯ ಮೇಲೋ ಬಿಟ್ಟು ಬರುವುದು ಬೇರೆ ಮನೆ ಹುಡುಕಿದಂತಲ್ಲ. ‘ಬೆಕ್ಕು ಹೇಗೋ ಬದುಕಿಕೊಳ್ಳುತ್ತದೆ’ ಎಂಬುದು ನಮ್ಮ ಸಮಾಧಾನಕ್ಕೆ ನಾವು ಹೇಳಿಕೊಳ್ಳುವ ಮಾತು. ಮೀನಿನ ಅಂಗಡಿಯ ಮುಂದೆ ಈಗಾಗಲೇ ಅಲ್ಲಿಯ ಬೆಕ್ಕುಗಳಿವೆ, ಅವುಗಳ ಗಡಿಗಳಿವೆ, ನಾಯಿಗಳಿವೆ. ಎರಡು ಕೋಣೆಯಲ್ಲಿ ಜಾಗಕ್ಕಾಗಿ ಹೋರಾಡಿದ ಪ್ರಾಣಿಯನ್ನು ಇಪ್ಪತ್ತು ಬೆಕ್ಕುಗಳ ಗಡಿಯ ನಡುವೆ ಎಸೆದಂತಾಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಲ್ಲಿ, ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ ಎಂದು ತಿಳಿದು ನೀವು ನಗಬಹುದು. ಆದರೆ ಸಾಕಿದ ಪ್ರಾಣಿಯನ್ನು ತೊರೆಯಬಾರದೆಂಬುದಕ್ಕೆ ದಂಡದ ಮೊತ್ತವೇ ಕಾರಣವಾಗಬೇಕೆ?

ಇದರಲ್ಲಿ ಮಕ್ಕಳ ವಿಷಯವೂ ಇದೆ. ಮನೆಯಲ್ಲಿ ದುರ್ಬಲ ಪ್ರಾಣಿಯೊಂದು ತೊಂದರೆ ಕೊಟ್ಟಾಗ ಹಿರಿಯರು ಏನು ಮಾಡುತ್ತಾರೆಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಮೊದಲು ಪೊರಕೆ, ಆಮೇಲೆ ಗೋಣಿಚೀಲ ಎಂದು ಕಂಡ ಮಗು, ಹೊಂದಿಕೊಳ್ಳಲಾರದವರನ್ನು ಹೊಡೆದು ತಿದ್ದಬೇಕು, ತಿದ್ದಲಾಗದಿದ್ದರೆ ಎಸೆಯಬೇಕು ಎಂದು ತಿಳಿಯುತ್ತದೆ. ಆ ತಿಳಿವಳಿಕೆ ಬೆಕ್ಕಿಗೇ ನಿಲ್ಲುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಕೆಂಗೇರಿಯ ವಿದ್ಯಾರ್ಥಿನಿ ಯಾವುದನ್ನೂ ಬಿಟ್ಟು ಬರಲಿಲ್ಲ. ಗಡವನಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಒಂದೂವರೆ ತಿಂಗಳು ಬಾಗಿಲು ಮುಚ್ಚುವ ತೆರೆಯುವ ಕೆಲಸ ಮಾಡಿದಳು. ಈ ಕೆಲಸದಲ್ಲಿ ಹೆಚ್ಚು ಕೈಗೂಡಿಸಿದವರು ಮನೆಯಲ್ಲಿ ಇಡೀ ದಿನ ಇರುತ್ತಿದ್ದ ಅವಳ ಅತ್ತೆಯೇ ಎಂದು ತಿಳಿದು ಸಂತೋಷವಾಯಿತು. ಆ ಎರಡು ಬೆಕ್ಕುಗಳು ಗೆಳೆಯರಾಗಿಲ್ಲ. ಒಂದು ಸಜ್ಜೆಯ ಮೇಲೆ, ಇನ್ನೊಂದು ಕಿಟಕಿಯಲ್ಲಿ ಮಲಗುತ್ತವೆ. ಎದುರು ಬದುರಾದರೆ ಒಮ್ಮೆ ನೋಡಿ ಬದಿಗೆ ಸರಿಯುತ್ತವೆ. ಹಾಸಿಗೆ ಒಣಗಿದೆ. ಅದಕ್ಕಿಂತ ಹೆಚ್ಚನ್ನು ನಾವು ಅವುಗಳಿಂದ ಕೇಳಬೇಕಾಗಿಯೂ ಇಲ್ಲ. ಒಂದೇ ಗೋಡೆ ಹಂಚಿಕೊಂಡ ನೆರೆಹೊರೆಯವರಲ್ಲಿಯೂ ಅನೇಕರು ಹೀಗೆಯೇ ಬಾಳುತ್ತಾರೆ, ಚೆನ್ನಾಗಿಯೇ ಬಾಳುತ್ತಾರೆ.

ನಿಮ್ಮ ಮನೆಯ ಮಕ್ಕಳಿಗೂ ಬೆಕ್ಕುಗಳಿಗೂ ನನ್ನ ಆಶೀರ್ವಾದಗಳು. ಎರಡನೆಯ ಬೆಕ್ಕನ್ನು ತರುವ ಯೋಚನೆ ಇರುವವರು ಮೊದಲು ಸಜ್ಜೆಯನ್ನು ಖಾಲಿ ಮಾಡಿ, ಆಮೇಲೆ ತನ್ನಿ.